ಬಟನ್, ಬಟನ್, ಬಟನ್

ಈ ಕ್ಯಾಂಪಸ್ಸಿನಲ್ಲಿ ನನಗೆ ಅತಿ ಹೆಚ್ಚು ಸಲ ಎದುರಾಗಿರುವ ಪ್ರಶ್ನೆ ಒಂದೇ: "ಮಗಾ, ನೀನು ಕೋಡ್ ಹೇಗೆ ಬರೀತೀಯಾ?" ಕ್ಯಾಂಟೀನಿನಲ್ಲಿ ಕೇಳಿದ್ದಾರೆ, ಬಸ್ ಸ್ಟಾಪಿನಲ್ಲಿ ಕೇಳಿದ್ದಾರೆ, ಒಂದು ಸಲ ವೈವಾ ನಡುವೆಯೂ ಕೇಳಿದ್ದಾರೆ. ಉತ್ತರ ಚಿಕ್ಕದು. ಕೇಳಿಸಿಕೊಂಡು ಬರೀತೀನಿ. ನನಗೆ ಒಂಬತ್ತನೇ ಕ್ಲಾಸಿನ ಹೊತ್ತಿಗೆ ದೃಷ್ಟಿ ಪೂರ್ತಿ ಹೋಯಿತು. ಪಿಯುಸಿಗೆ ಮೊದಲು ಬೆಂಗಳೂರಿನಲ್ಲಿ ಮೂರು ತಿಂಗಳು ತರಬೇತಿ ತಗೊಂಡು ಕಂಪ್ಯೂಟರಿನ ಮಾತು ಅರ್ಥ ಮಾಡಿಕೊಳ್ಳೋದು ಕಲಿತೆ. ಈಗ ಅದರ ಮಾತಿನ ವೇಗ ಎಷ್ಟಿದೆ ಅಂದರೆ, ನನ್ನ ರೂಮ್‌ಮೇಟ್ ಮೊದಲ ವಾರ "ಇದೇನೋ ಜೇನುಗೂಡಿಗೆ ಕಲ್ಲು ಹೊಡೆದ ಹಾಗಿದೆ" ಅಂದಿದ್ದ.

ಯಾರೂ ಕೇಳದ ಪ್ರಶ್ನೆ ಇನ್ನೊಂದಿದೆ. ಕಂಪ್ಯೂಟರ್ ಏನೂ ಹೇಳದೇ ಇದ್ದರೆ ಏನು ಮಾಡ್ತೀಯಾ? ಈ ಬರಹ ಅದರ ಬಗ್ಗೆ.

ಮೊದಲಿಗೆ ಒಂದು ತಪ್ಪು ತಿಳಿವಳಿಕೆ ಸರಿ ಮಾಡಬೇಕು. ಸ್ಕ್ರೀನ್ ರೀಡರ್ ಅನ್ನೋ ಹೆಸರು ಕೇಳಿದವರು ಅದು ಪರದೆಯನ್ನು ನೋಡಿ, ಅಲ್ಲಿ ಕಂಡದ್ದನ್ನು ಓದುತ್ತೆ ಅಂದುಕೊಳ್ಳುತ್ತಾರೆ. ಅದು ನೋಡಲ್ಲ, ವಿಚಾರಿಸುತ್ತೆ. ವಿಂಡೋಸಿನಲ್ಲಿ ಪ್ರತಿ ಕಿಟಕಿಗೂ ಒಂದು ಹ್ಯಾಂಡಲ್ ಇರುತ್ತೆ, ಒಂದು ಕ್ಲಾಸ್ ಹೆಸರು ಇರುತ್ತೆ. ನಾವು ಕಿಟಕಿ ಅಂತ ಕರೆಯೋದು ದೊಡ್ಡ ಚೌಕವನ್ನು ಮಾತ್ರ. ವಿಂಡೋಸ್ ಲೆಕ್ಕದಲ್ಲಿ ಅದರೊಳಗಿನ ಎಡಿಟ್ ಬಾಕ್ಸ್, ಬಟನ್, ಲಿಸ್ಟ್ ಎಲ್ಲ ಸಾಮಾನ್ಯವಾಗಿ ಒಂದೊಂದು ಮರಿ ಕಿಟಕಿ. ತಾಯಿ ಕಿಟಕಿ, ಮಕ್ಕಳು, ಮೊಮ್ಮಕ್ಕಳು, ಹೀಗೆ ಒಂದು ವಂಶವೃಕ್ಷ. ನಾನು ಟ್ಯಾಬ್ ಒತ್ತಿದಾಗ ಫೋಕಸ್ ಒಬ್ಬರಿಂದ ಇನ್ನೊಬ್ಬರಿಗೆ ಹೋಗುತ್ತೆ. ಆಗ ಸ್ಕ್ರೀನ್ ರೀಡರ್ ಆ ವಸ್ತುವಿಗೆ ನಾಲ್ಕು ಪ್ರಶ್ನೆ ಹಾಕುತ್ತೆ: ನಿನ್ನ ಹೆಸರೇನು? ನಿನ್ನ ಕೆಲಸ ಏನು? ಈಗ ಯಾವ ಸ್ಥಿತಿಯಲ್ಲಿದ್ದೀಯಾ? ನಿನ್ನೊಳಗೆ ಏನು ಬೆಲೆ ಇದೆ? ಉತ್ತರ ಬಂದರೆ "ಸೇವ್, ಬಟನ್" ಅಂತಲೋ "ವೈಫೈ, ಚೆಕ್ ಬಾಕ್ಸ್, ಚೆಕ್ಡ್" ಅಂತಲೋ ನನಗೆ ಕೇಳಿಸುತ್ತೆ. ಈ ಪ್ರಶ್ನೋತ್ತರಕ್ಕೆ ಮೈಕ್ರೋಸಾಫ್ಟ್ 1990ರ ದಶಕದಲ್ಲಿ ಆಕ್ಟಿವ್ ಆಕ್ಸೆಸಿಬಿಲಿಟಿ ಅನ್ನೋ ವ್ಯವಸ್ಥೆ ಮಾಡಿತು. ವಿಸ್ಟಾ ಕಾಲಕ್ಕೆ ಯುಐ ಆಟೊಮೇಷನ್ ಬಂತು. ಎರಡೂ ಇವತ್ತಿಗೂ ಓಡ್ತಿವೆ.

ಇದನ್ನು ಹಾಸ್ಟೆಲಿನ ಕಾರಿಡಾರ್ ಥರ ಯೋಚಿಸಿ. ಪ್ರತಿ ಬಾಗಿಲ ಮೇಲೂ ಹೆಸರಿನ ಚೀಟಿ ಅಂಟಿಸಿದ್ದರೆ ಹೊಸಬನಿಗೂ ದಾರಿ ಸಿಗುತ್ತೆ. ಚೀಟಿ ಅಂಟಿಸುವವರು ಆ ಸಾಫ್ಟ್‌ವೇರ್ ಬರೆದವರು. ಅವರು ಅಂಟಿಸದಿದ್ದರೆ ಸ್ಕ್ರೀನ್ ರೀಡರ್ ಬಾಗಿಲು ಇದೆ ಅಂತ ಮಾತ್ರ ಹೇಳಬಲ್ಲದು, ಯಾರದ್ದು ಅಂತ ಹೇಳಲಾರದು.

ನಾಲ್ಕನೇ ಸೆಮಿಸ್ಟರಿನ ಮೈಕ್ರೋಕಂಟ್ರೋಲರ್ ಲ್ಯಾಬಿನಲ್ಲಿ ನನಗೆ ಸಿಕ್ಕಿದ್ದು ಅಂಥ ಕಾರಿಡಾರ್. 8051ಗೆ ಅಸೆಂಬ್ಲಿ ಬರೆದು ಓಡಿಸುವ ಒಂದು ಹಳೇ ಸಿಮ್ಯುಲೇಟರ್. ಹೆಸರು ಬೇಡ. ಎಡಿಟರ್ ಭಾಗ ಚೆನ್ನಾಗೇ ಓದುತ್ತಿತ್ತು. ಟ್ಯಾಬ್ ಒತ್ತಿದ ಮೇಲೆ ಶುರುವಾಯಿತು: "ಬಟನ್." ಮತ್ತೆ ಟ್ಯಾಬ್: "ಬಟನ್." ಮತ್ತೆ: "ಬಟನ್." ಒಟ್ಟು ಒಂಬತ್ತು. ನೋಡುವವರಿಗೆ ಹಸಿರು ತ್ರಿಕೋನ, ಕೆಂಪು ಚೌಕ, ಬಾಣದ ಗುರುತು ಇತ್ಯಾದಿ ಚಿತ್ರಗಳಿದ್ದವಂತೆ. ಚಿತ್ರ ಅಂಟಿಸಿದವರು ಅಕ್ಷರ ಬರೆದಿರಲಿಲ್ಲ. ಅದಕ್ಕಿಂತ ದೊಡ್ಡ ತೊಂದರೆ ಬಲಗಡೆಯ ರಿಜಿಸ್ಟರ್ ಫಲಕ. ಎ, ಬಿ, ಆರ್0ರಿಂದ ಆರ್7, ಪಿಎಸ್‌ಡಬ್ಲ್ಯು, ಡಿಪಿಟಿಆರ್ ಎಲ್ಲ ಅಲ್ಲೇ ಬರುತ್ತೆ. ಪ್ರೋಗ್ರಾಮಿನ ಒಂದೊಂದು ಸಾಲು ಓಡಿದ ಹಾಗೆ ಬದಲಾದ ರಿಜಿಸ್ಟರ್ ಕೆಂಪು ಬಣ್ಣಕ್ಕೆ ತಿರುಗುತ್ತೆ. ನನಗೆ ಅದು "ಪೇನ್" ಅನ್ನೋ ಒಂದೇ ಪದ. ಒಳಗೆ ಏನೂ ಇಲ್ಲ.

ಲ್ಯಾಬಿನ ಸರ್ ಒಳ್ಳೆಯವರು. "ನೀನು ಪ್ರೋಗ್ರಾಂ ಹೇಳು, ಪಕ್ಕದಲ್ಲಿ ಒಬ್ಬರು ಟೈಪ್ ಮಾಡಿ ಔಟ್‌ಪುಟ್ ಓದಿ ಹೇಳ್ತಾರೆ, ಮಾರ್ಕ್ಸ್ ಬಗ್ಗೆ ಚಿಂತೆ ಬೇಡ" ಅಂದರು. ಪರೀಕ್ಷೆಯಲ್ಲಿ ಸ್ಕ್ರೈಬ್ ಸಿಗುವುದು ನನಗೆ ಯಾರೋ ಕೊಡುವ ಭಿಕ್ಷೆ ಅಲ್ಲ, ವಿಕಲಚೇತನರ ಹಕ್ಕುಗಳ ಅಧಿನಿಯಮ 2016ರಲ್ಲೇ ಅದರ ಮಾತಿದೆ. ಥಿಯರಿ ಪರೀಕ್ಷೆಗಳನ್ನು ನಾನು ಹಾಗೇ ಬರೆದಿದ್ದೇನೆ. ಆದರೆ ಲ್ಯಾಬ್ ಬೇರೆ. ಪ್ರೋಗ್ರಾಂ ಒಂದೇ ಏಟಿಗೆ ಸರಿಯಾಗಿ ಓಡುವುದು ಯಾರಿಗೂ ಅಪರೂಪ. ಎಲ್ಲಿ ಕೈ ಕೊಟ್ಟಿತು ಅಂತ ಹಂತ ಹಂತವಾಗಿ ಹುಡುಕುವುದೇ ಆ ಲ್ಯಾಬಿನ ವಿದ್ಯೆ. "ಆರ್2 ನೋಡು, ಈಗ ಬಿ ನೋಡು, ಒಂದು ಸಾಲು ಹಿಂದೆ ಏನಿತ್ತು?" ಅಂತ ಇನ್ನೊಬ್ಬರ ಕಣ್ಣನ್ನು ಬಾಡಿಗೆಗೆ ತಗೊಂಡು ಡೀಬಗ್ ಮಾಡಿ ನೋಡಿ. ಅರ್ಧ ಗಂಟೆಯಲ್ಲಿ ಆ ಗೆಳೆಯನೇ ಪ್ರೋಗ್ರಾಂ ಸರಿ ಮಾಡಿರ್ತಾನೆ, ಪಾಪ, ಸಹಾಯ ಮಾಡೋಣ ಅಂತ. ಮಾರ್ಕ್ಸ್ ನನಗೆ, ವಿದ್ಯೆ ಅವನಿಗೆ.

"ಸರ್, ಪರೀಕ್ಷೆಗೆ ಇನ್ನೂ ಆರು ವಾರ ಇದೆ. ನಾನೇ ಕೂತು ಮಾಡೋಕಾಗತ್ತಾ ನೋಡ್ತೀನಿ" ಅಂದೆ. ಅವರು "ನೋಡು, ಆಗದಿದ್ದರೆ ಇದ್ದೇ ಇದೆ" ಅಂದರು.

ಇಲ್ಲಿ ಸ್ವಲ್ಪ ಚರಿತ್ರೆ ಹೇಳಬೇಕು. ಬೇರೆಯವರು ಬರೆದ ಸಾಫ್ಟ್‌ವೇರನ್ನು ತನ್ನ ಕಿವಿಗೆ ಒಗ್ಗಿಸಿಕೊಳ್ಳುವ ಈ ಕೆಲಸ ನಾನು ಕಂಡುಹಿಡಿದದ್ದಲ್ಲ. ಅಮೆರಿಕದ ಟೆಡ್ ಹೆಂಟರ್ ಮೋಟಾರ್‌ಸೈಕಲ್ ರೇಸರ್ ಆಗಿದ್ದವರು, 1978ರಲ್ಲಿ ಕಾರು ಅಪಘಾತದಲ್ಲಿ ದೃಷ್ಟಿ ಕಳೆದುಕೊಂಡರು. ಆಮೇಲೆ ಪ್ರೋಗ್ರಾಮಿಂಗ್ ಕಲಿತು ಬಿಲ್ ಜಾಯ್ಸ್ ಜೊತೆ ಸೇರಿ 1980ರ ದಶಕದ ಕೊನೆಗೆ ಜಾಸ್ ಅನ್ನೋ ಸ್ಕ್ರೀನ್ ರೀಡರ್ ತಂದರು, ಡಾಸ್‌ಗೆ. 1995ರಲ್ಲಿ ಅದರ ವಿಂಡೋಸ್ ಆವೃತ್ತಿ ಬಂತು. ಜಾಸ್‌ಗೆ ತನ್ನದೇ ಸ್ಕ್ರಿಪ್ಟಿಂಗ್ ಭಾಷೆ ಇದೆ. ಯಾವ ಪ್ರೋಗ್ರಾಂ ಮುಂದೆ ಬಂತೋ ಅದರ ಹೆಸರಿನ ಸ್ಕ್ರಿಪ್ಟ್ ತಾನಾಗೇ ಲೋಡ್ ಆಗುತ್ತೆ, ಪ್ರೋಗ್ರಾಂ ಬದಲಾದರೆ ಸ್ಕ್ರಿಪ್ಟೂ ಬದಲಾಗುತ್ತೆ. ಅದೇ 1995ರಲ್ಲಿ ನಮ್ಮ ಪುಣೆಯ ಟಿ.ವಿ. ರಾಮನ್ ಈಮ್ಯಾಕ್‌ಸ್ಪೀಕ್ ಬಿಡುಗಡೆ ಮಾಡಿದರು. ಹದಿನಾಲ್ಕನೇ ವಯಸ್ಸಿಗೆ ದೃಷ್ಟಿ ಕಳೆದುಕೊಂಡು, ಐಐಟಿ ಬಾಂಬೆಯಲ್ಲಿ ಓದಿ, ಕಾರ್ನೆಲ್‌ನಲ್ಲಿ ಡಾಕ್ಟರೇಟ್ ಮಾಡಿದವರು ಅವರು. ಪರದೆಯ ಮೇಲೆ ಮೂಡಿದ್ದನ್ನು ಆಮೇಲೆ ಓದಿಸುವ ಬದಲು, ಈಮ್ಯಾಕ್ಸ್ ಎಡಿಟರಿನ ಒಂದೊಂದು ಕಮ್ಯಾಂಡಿಗೂ ಮಾತನ್ನು ಜೋಡಿಸಿಬಿಟ್ಟರು. ಏನು ಕಂಡಿತು ಅನ್ನೋದಕ್ಕಿಂತ ಏನು ನಡೆಯಿತು ಅನ್ನೋದನ್ನು ಹೇಳು ಅನ್ನುವ ದಾರಿ ಅದು. ಈ ಮಾತು ಮುಂದೆ ನನ್ನ ಕೆಲಸಕ್ಕೆ ಬಂತು.

ನಾನು ಬಳಸೋದು ಎನ್‌ವಿಡಿಎ. ಜಾಸ್ ಕೊಳ್ಳುವಷ್ಟು ದುಡ್ಡು ನಮ್ಮ ಮನೆಯಲ್ಲಿ ಇರಲಿಲ್ಲ. ಆಸ್ಟ್ರೇಲಿಯಾದ ಮೈಕೆಲ್ ಕರನ್ 2006ರಲ್ಲಿ ಎನ್‌ವಿಡಿಎ ಬರೆಯಲು ಶುರು ಮಾಡಿದರು. ಜೇಮ್ಸ್ ಟೆ ಜೊತೆಗೂಡಿದರು. ಇಬ್ಬರಿಗೂ ದೃಷ್ಟಿ ಇಲ್ಲ, ಚಿಕ್ಕಂದಿನಲ್ಲಿ ಅಂಧ ಮಕ್ಕಳ ಸಂಗೀತ ಶಿಬಿರದಲ್ಲಿ ಸ್ನೇಹಿತರಾದವರು. ಅದು ಉಚಿತ, ಸೋರ್ಸ್ ಕೋಡ್ ಮುಕ್ತ, ಬಹುಪಾಲು ಪೈಥಾನಿನಲ್ಲಿದೆ. ಜೊತೆಗೆ ಬರುವ ಈಸ್ಪೀಕ್ ಎನ್‌ಜಿ ಧ್ವನಿ ಕನ್ನಡವನ್ನೂ ಓದುತ್ತೆ. ಪೈಥಾನ್ ಅಂದಮೇಲೆ ನಮಗೆ ಹೊಸದೇನು? ಮೊದಲ ವರ್ಷದಲ್ಲೇ ಕಲಿತಿದ್ದೇವಲ್ಲ.

ಎನ್‌ವಿಡಿಎ ಒಳಗೆ ಆಪ್ ಮಾಡ್ಯೂಲ್ ಅನ್ನೋ ಒಂದು ಏರ್ಪಾಡಿದೆ. ಪ್ರೋಗ್ರಾಮಿನ ಎಕ್ಸಿ ಫೈಲಿನ ಹೆಸರು ಏನಿದೆಯೋ ಅದೇ ಹೆಸರಲ್ಲಿ ಒಂದು ಪೈಥಾನ್ ಫೈಲ್ ಬರೆದು ಸ್ಕ್ರ್ಯಾಚ್‌ಪ್ಯಾಡ್ ಅನ್ನೋ ಫೋಲ್ಡರಿಗೆ ಹಾಕಿದರೆ ಸಾಕು. ಅಡ್ವಾನ್ಸ್‌ಡ್ ಸೆಟ್ಟಿಂಗ್ಸಿನಲ್ಲಿ ಅದಕ್ಕೆ ಮೊದಲೇ ಅನುಮತಿ ಕೊಟ್ಟಿರಬೇಕು. ಆ ಪ್ರೋಗ್ರಾಂ ತೆರೆದಾಗ ನಮ್ಮ ಫೈಲ್ ಜೀವ ತಳೆಯುತ್ತೆ, ಮುಚ್ಚಿದಾಗ ಹೋಗುತ್ತೆ. ಬೇರೆ ಪ್ರೋಗ್ರಾಮಿಗೆ ಏನೂ ಆಗಲ್ಲ. ಕೋಡ್ ಬದಲಿಸಿದರೆ ಎನ್‌ವಿಡಿಎ ಕೀ, ಕಂಟ್ರೋಲ್, ಎಫ್3 ಒಟ್ಟಿಗೆ ಒತ್ತಿದರೆ ಮತ್ತೆ ಲೋಡ್ ಆಗುತ್ತೆ.

ಮೊದಲು ಬಟನ್ನುಗಳು. ಒಂದು ಬಟನ್ನಿನ ಮೇಲೆ ನಿಂತು ಎನ್‌ವಿಡಿಎ ಕೀ ಜೊತೆ ಎಫ್1 ಒತ್ತಿದರೆ ಅದರ ಪೂರ್ತಿ ಜಾತಕ ತೆರೆಯುತ್ತೆ: ಕ್ಲಾಸ್ ಹೆಸರು, ಹ್ಯಾಂಡಲ್, ಕಂಟ್ರೋಲ್ ಐಡಿ, ಪರದೆಯ ಮೇಲಿನ ಜಾಗ. ಇವುಗಳಲ್ಲಿ ಯಾವುದನ್ನು ನಂಬಬೇಕು ಅನ್ನೋದೇ ಮುಖ್ಯ. ಹ್ಯಾಂಡಲ್ ಪ್ರತಿ ಸಲ ಪ್ರೋಗ್ರಾಂ ತೆರೆದಾಗಲೂ ಬೇರೆ. ಪರದೆಯ ಜಾಗ ಕಿಟಕಿಯನ್ನು ದೊಡ್ಡದು ಚಿಕ್ಕದು ಮಾಡಿದರೆ ಬದಲಾಗುತ್ತೆ. ಕಂಟ್ರೋಲ್ ಐಡಿ ಮಾತ್ರ ಸಾಫ್ಟ್‌ವೇರ್ ಬರೆದವರು ಕೊಟ್ಟ ನಂಬರ್, ಹೊಸ ಆವೃತ್ತಿ ಬರುವ ತನಕ ಸಾಮಾನ್ಯವಾಗಿ ಹಾಗೇ ಇರುತ್ತೆ. ಹಾಸ್ಟೆಲಿನ ಭಾಷೆಯಲ್ಲಿ ಹೇಳಿದರೆ ರೂಮ್ ನಂಬರ್. ಒಂಬತ್ತು ಬಟನ್ನುಗಳ ಐಡಿ ಬರೆದುಕೊಂಡೆ. ರೂಮ್‌ಮೇಟ್ ಪಕ್ಕ ಕೂತು "ಇದು ರನ್, ಇದು ಸ್ಟೆಪ್, ಇದು ರೀಸೆಟ್ ಇರಬೇಕು, ಇರು ಒತ್ತಿ ನೋಡೋಣ" ಅಂತ ಹೇಳಿದ. ಪೈಥಾನಿನ ಒಂದು ಡಿಕ್ಷನರಿ, ಎಡಕ್ಕೆ ನಂಬರ್, ಬಲಕ್ಕೆ ಹೆಸರು. ಎನ್‌ವಿಡಿಎ ಯಾವುದೇ ವಸ್ತುವನ್ನು ತನ್ನ ಲೆಕ್ಕಕ್ಕೆ ತಗೊಳ್ಳುವ ಕ್ಷಣದಲ್ಲಿ ನಮ್ಮ ಮಾಡ್ಯೂಲಿಗೆ ಒಮ್ಮೆ ತೋರಿಸುತ್ತೆ. ಅಲ್ಲಿ ಕ್ಲಾಸ್ ಬಟನ್ ಆಗಿದ್ದು, ಐಡಿ ನಮ್ಮ ಪಟ್ಟಿಯಲ್ಲಿದ್ದರೆ ಹೆಸರಿಟ್ಟು ಕಳಿಸಿದೆ. ಹತ್ತು ಸಾಲು ಕೂಡ ಆಗಲಿಲ್ಲ. ಫೈಲ್ ಉಳಿಸಿ, ಲೋಡ್ ಮಾಡಿ, ಟ್ಯಾಬ್ ಒತ್ತಿದೆ. "ರನ್, ಬಟನ್. ಸ್ಟೆಪ್, ಬಟನ್. ರೀಸೆಟ್, ಬಟನ್." ರೂಮ್‌ಮೇಟ್ ಬೆನ್ನಿಗೆ ಒಂದು ಗುದ್ದು ಕೊಟ್ಟ. ಅವತ್ತು ರಾತ್ರಿ ಮೆಸ್ಸಿನಲ್ಲಿ ಅವನೇ ಎಲ್ಲರಿಗೂ ಹೇಳಿಕೊಂಡು ತಿರುಗಿದ.

ರಿಜಿಸ್ಟರ್ ಫಲಕ ಅಷ್ಟು ಸುಲಭಕ್ಕೆ ಬಗ್ಗಲಿಲ್ಲ. ಅಲ್ಲಿ ಮರಿ ಕಿಟಕಿಗಳೇ ಇಲ್ಲ. ಒಂದು ಖಾಲಿ ಹಲಗೆ, ಅದರ ಮೇಲೆ ಪ್ರೋಗ್ರಾಂ ತಾನೇ ಅಕ್ಷರ ಬರೆಯುತ್ತೆ. ಹೆಸರು, ಬೆಲೆ ಕೇಳಿದರೆ ಉತ್ತರಿಸಲು ಅಲ್ಲಿ ಯಾರೂ ಇಲ್ಲ. ಆದರೆ ಹಳೇ ಪ್ರೋಗ್ರಾಂ ಆಗಿದ್ದೇ ಒಳ್ಳೆಯದಾಯಿತು. ಅದು ವಿಂಡೋಸಿನ ಹಳೇ ಜಿಡಿಐ ದಾರಿಯಲ್ಲಿ ಅಕ್ಷರ ಬರೆಯುತ್ತಿತ್ತು. ಆ ದಾರಿಯಲ್ಲಿ ಹೋಗುವ ಬರಹವನ್ನು ಎನ್‌ವಿಡಿಎ ಮಧ್ಯದಲ್ಲಿ ನಿಂತು ನೆನಪಿಟ್ಟುಕೊಳ್ಳುತ್ತೆ. ಇದಕ್ಕೆ ಡಿಸ್‌ಪ್ಲೇ ಮಾಡೆಲ್ ಅಂತಾರೆ. ಹೊಸ ಡೈರೆಕ್ಟ್2ಡಿ ಥರದ ದಾರಿ ಹಿಡಿದ ಪ್ರೋಗ್ರಾಂ ಆಗಿದ್ದರೆ ಈ ಉಪಾಯ ನಡೆಯುತ್ತಿರಲಿಲ್ಲ. ಎನ್‌ವಿಡಿಎಯಲ್ಲಿ ಒಂದು ಪೈಥಾನ್ ಕನ್ಸೋಲ್ ಇದೆ, ಓಡುತ್ತಿರುವ ಸ್ಕ್ರೀನ್ ರೀಡರಿನ ಒಳಗೇ ಕೂತು ಪ್ರಶ್ನೆ ಕೇಳಬಹುದು. ಮುಂದಿರುವ ಕಿಟಕಿಯ ವಂಶದಲ್ಲಿ ಈ ಕ್ಲಾಸ್ ಹೆಸರಿನವರು ಯಾರಿದ್ದಾರೆ ಹುಡುಕು ಅಂದೆ, ಹ್ಯಾಂಡಲ್ ಕೊಟ್ಟಿತು. ಅದರ ಮೇಲೆ ಬರೆದಿರೋದೆಲ್ಲ ಕೊಡು ಅಂದೆ. ಸಾಲು ಸಾಲಾಗಿ ಬಂತು: ಎ 00, ಬಿ 00, ಆರ್0 00... ಎರಡು ವಾರ "ಪೇನ್" ಅಂತ ಮಾತ್ರ ಹೇಳುತ್ತಿದ್ದ ಜಾಗ ಅದು. ಹೆಡ್‌ಫೋನ್ ತೆಗೆದು ಸ್ವಲ್ಪ ಹೊತ್ತು ಸುಮ್ಮನೆ ಕೂತೆ.

ಬರಹ ಸಿಕ್ಕಿತು ಅಂದಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಪ್ರತಿ ಸ್ಟೆಪ್ಪಿಗೂ ಹದಿಮೂರು ಹದಿನಾಲ್ಕು ರಿಜಿಸ್ಟರ್ ಓದುತ್ತಾ ಕೂತರೆ ಯಾವ ಮನುಷ್ಯನಿಗೂ ನೆನಪಿರಲ್ಲ. ಕಣ್ಣಿರುವವರೂ ಎಲ್ಲವನ್ನೂ ಓದಲ್ಲ ತಾನೆ, ಕೆಂಪಾದದ್ದನ್ನು ಮಾತ್ರ ನೋಡುತ್ತಾರೆ. ಕೆಂಪು ಬಣ್ಣದ ಕಿವಿ ರೂಪ ಏನು? ರಾಮನ್ ಅವರ ದಾರಿ ನೆನಪಾಗಿದ್ದು ಆಗ. ಏನಿದೆ ಅಂತ ಬೇಡ, ಏನಾಯಿತು ಅಂತ ಹೇಳು. ಹಾಗಾಗಿ ಸ್ಕ್ರಿಪ್ಟ್ ಹಿಂದಿನ ಬೆಲೆಗಳನ್ನೆಲ್ಲ ಇಟ್ಟುಕೊಳ್ಳುತ್ತೆ. ನಾನು ಸ್ಟೆಪ್ ಕೀ ಒತ್ತಿದಾಗ ಆ ಕೀಯನ್ನು ಮೊದಲು ಸಿಮ್ಯುಲೇಟರಿಗೆ ದಾಟಿಸುತ್ತೆ, ಫಲಕ ಮತ್ತೆ ಬರೆದುಕೊಳ್ಳಲಿ ಅಂತ ನೂರು ಮಿಲಿಸೆಕೆಂಡ್ ಕಾಯುತ್ತೆ, ಆಮೇಲೆ ಹೊಸದನ್ನು ಹಳೆಯದರ ಜೊತೆ ಹೋಲಿಸಿ ಬದಲಾದದ್ದನ್ನು ಮಾತ್ರ ಹೇಳುತ್ತೆ. ಈ ಕಾಯುವುದಕ್ಕೆ ಸ್ಲೀಪ್ ಹಾಕುವ ಹಾಗಿಲ್ಲ. ಮಾತು, ಕೀಬೋರ್ಡ್, ನಮ್ಮ ಸ್ಕ್ರಿಪ್ಟ್ ಎಲ್ಲ ಎನ್‌ವಿಡಿಎಯ ಒಂದೇ ಮುಖ್ಯ ಥ್ರೆಡ್ಡನ್ನು ನಂಬಿಕೊಂಡಿವೆ. ಅಲ್ಲಿ ನಾನು ನಿದ್ದೆ ಮಾಡಿದರೆ ಕಂಪ್ಯೂಟರೇ ಮೂಕ. "ಇಷ್ಟು ಹೊತ್ತಾದ ಮೇಲೆ ನನ್ನನ್ನು ಕರಿ" ಅಂತ ಹೇಳಿ ಜಾಗ ಬಿಟ್ಟುಕೊಡಬೇಕು.

ಕಿವಿಗೆ ಬೇಕಾದ ಸಣ್ಣ ಸಣ್ಣ ವಿಷಯಗಳು ಇನ್ನೂ ಇದ್ದವು. 10 ಅನ್ನೋ ಹೆಕ್ಸ್ ಬೆಲೆಯನ್ನು ಧ್ವನಿ "ಹತ್ತು" ಅಂತ ಓದುತ್ತೆ. ಅದು ಹತ್ತಲ್ಲ, ಹದಿನಾರು. ಅದಕ್ಕೆ ಎರಡು ಅಂಕಿಗಳ ನಡುವೆ ಜಾಗ ಬಿಟ್ಟೆ, "ಒಂದು ಸೊನ್ನೆ" ಅಂತ ಓದುವ ಹಾಗೆ. ಪ್ರೋಗ್ರಾಂ ಕೌಂಟರ್ ಪ್ರತಿ ಸಲವೂ ಬದಲಾಗುತ್ತೆ, ಅದನ್ನು ಹೇಳುವುದು ಬೇಡ, ಕೇಳಿದರೆ ಮಾತ್ರ ಹೇಳಲಿ ಅಂತ ಬೇರೆ ಕೀ ಕೊಟ್ಟೆ. ಎಫ್8ಕ್ಕೆ 0ಎ ಕೂಡಿಸಿದರೆ ಎ ರಿಜಿಸ್ಟರಿನಲ್ಲಿ 02 ಉಳಿಯುತ್ತೆ, ಕ್ಯಾರಿ ಬರುತ್ತೆ. ಮೊದಲು ಸ್ಕ್ರಿಪ್ಟ್ "ಎ 0 2, ಪಿಎಸ್‌ಡಬ್ಲ್ಯು ಸಿ 1" ಅನ್ನುತ್ತಿತ್ತು. ಸಿ1 ಅಂದರೆ ಏಳನೇ ಬಿಟ್ 1, ಅಂದರೆ ಕ್ಯಾರಿ ಇದೆ ಅಂತ ಪ್ರತಿ ಸಲ ತಲೆಯಲ್ಲಿ ಬಿಡಿಸಬೇಕು. ಪರದೆಯ ಮೇಲೆ ಕ್ಯಾರಿಗೆ ಪ್ರತ್ಯೇಕ ಚೌಕ ಇದೆ, ಉಳಿದವರಿಗೆ ಬಿಡಿಸಿದ್ದೇ ಸಿಗುತ್ತೆ. ಹಾಗಾದರೆ ನನಗೂ ಸಿಗಲಿ ಅಂತ "ಎ 0 2, ಕ್ಯಾರಿ 1" ಮಾಡಿದೆ. ಉಳಿದ ಫ್ಲ್ಯಾಗುಗಳಿಗೂ ಇನ್ನೊಂದು ಕೀ.

ಹಾಸ್ಟೆಲಿನ ನನ್ನ ಲ್ಯಾಪ್‌ಟಾಪಿನಲ್ಲಿ ಇದೆಲ್ಲ ಓಡಿತು. ಲ್ಯಾಬಿನ ಕಂಪ್ಯೂಟರಿಗೆ ಪೆನ್ ಡ್ರೈವಿನಲ್ಲಿ ಎನ್‌ವಿಡಿಎಯ ಪೋರ್ಟಬಲ್ ಕಾಪಿ ತಗೊಂಡು ಹೋದರೆ ಸಿಮ್ಯುಲೇಟರ್ ಮುಂದೆ ಪೂರ್ತಿ ಮೌನ. ಕಾರಣ ಹುಡುಕಿದಾಗ ಸಿಕ್ಕಿದ್ದು: ಲ್ಯಾಬಿನ ಶಾರ್ಟ್‌ಕಟ್ ಸಿಮ್ಯುಲೇಟರನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆಯುತ್ತಿತ್ತು. ಅಂಥ ಪ್ರೋಗ್ರಾಮಿನ ಒಳಗೆ ಸಾಮಾನ್ಯ ಹಕ್ಕಿನ ಪೋರ್ಟಬಲ್ ಕಾಪಿಗೆ ಪ್ರವೇಶ ಇಲ್ಲ. ಭದ್ರತೆಗೆ ಅದು ಸರಿಯೇ. ಲ್ಯಾಬ್ ಅಟೆಂಡರ್ ಅಣ್ಣನ ಹತ್ತಿರ ಹೋಗಿ ಹೇಳಿದೆ. "ಇನ್‌ಸ್ಟಾಲ್ ಮಾಡಬೇಕು ಅಷ್ಟೇ ತಾನೆ? ಹೆಚ್‌ಓಡಿ ಸಹಿ ತಗೊಂಡು ಬಾರಪ್ಪ" ಅಂದರು. ಸಹಿ ಬಂತು, ಕಿಟಕಿ ಪಕ್ಕದ ಒಂದು ಸಿಸ್ಟಮ್ಮಿಗೆ ಎನ್‌ವಿಡಿಎ ಬಂತು.

ಪರೀಕ್ಷೆಯ ದಿನ ಎಕ್ಸ್‌ಟರ್ನಲ್ ಸರ್ ನನ್ನ ಮೇಜಿನ ಹತ್ತಿರ ಬಂದು ನಿಂತರು. ನಮ್ಮ ಸರ್ ವಿಷಯ ವಿವರಿಸಿದರು. ಅವರು ಕೇಳಿದ್ದು ನ್ಯಾಯವಾದ ಪ್ರಶ್ನೆ: "ಇವರೇ ಬರೆದ ಸಾಫ್ಟ್‌ವೇರ್ ಅಂತೀರಿ. ಅದು ಉತ್ತರ ಹೇಳಿಕೊಡಲ್ಲ ಅಂತ ಹೇಗೆ ನಂಬೋದು?"

"ಕೋಡ್ ಇಲ್ಲೇ ಇದೆ ಸರ್, ಓದಿ ನೋಡಿ. ನೂರೈವತ್ತು ಸಾಲು ಇರಬಹುದು. ಪರದೆ ಮೇಲೆ ಇರೋದನ್ನ ಬಿಟ್ಟು ಬೇರೇನೂ ಅದಕ್ಕೆ ಗೊತ್ತಿಲ್ಲ. ನಾನು ತಪ್ಪು ಬರೆದರೆ ತಪ್ಪನ್ನೇ ಓದುತ್ತೆ" ಅಂದೆ.

ಅವರು ಕೋಡ್ ಮೇಲಿಂದ ಕೆಳಗೆ ಸರಿಸುತ್ತಿದ್ದದ್ದು ಮೌಸಿನ ಚಕ್ರದ ಸದ್ದಿನಲ್ಲಿ ಗೊತ್ತಾಗುತ್ತಿತ್ತು. ಆಮೇಲೆ "ಹೆಡ್‌ಫೋನ್ ಒಂದು ನಿಮಿಷ ಕೊಡಿ" ಅಂತ ತಗೊಂಡರು. ನಾಲ್ಕೈದು ಕೀ ಒತ್ತಿದ ಸದ್ದು. ಹೆಡ್‌ಫೋನ್ ವಾಪಸ್ ಕೊಟ್ಟು, "ಈಗ ಓಡಿಸಿ" ಅಂದರು. ನನ್ನದು ಎಫ್8ಕ್ಕೆ 0ಎ ಕೂಡಿಸುವ ಅದೇ ಭಾಗ. ಒಂದೊಂದೇ ಹೆಜ್ಜೆ ಇಟ್ಟೆ. "ಎ, ಎಫ್ 8." "ಆರ್ 0, 0 ಎ." ಮುಂದಿನ ಹೆಜ್ಜೆಗೆ 0 2, ಕ್ಯಾರಿ 1 ಬರಬೇಕಿತ್ತು. ಬಂದದ್ದು "ಎ, ಇ ಇ." ಕ್ಯಾರಿಯ ಮಾತೇ ಇಲ್ಲ. 248ರಲ್ಲಿ 10 ಹೋದರೆ 238, ಅದು ಇಇ.

"ಸರ್, ಕೂಡೋ ಕಡೆ ಯಾರೋ ಕಳೆದಿದ್ದಾರೆ" ಅಂದೆ.

ಅವರು ಜೋರಾಗಿ ನಕ್ಕರು. "ನಾನೇ ಕಣಪ್ಪ" ಅಂದು ಮುಂದಿನ ಮೇಜಿಗೆ ಹೋದರು. ಆ ಸಾಲನ್ನು ಹುಡುಕಿ ಸರಿ ಮಾಡಿಕೊಂಡು, ಉಳಿದ ಪ್ರೋಗ್ರಾಂ ಮುಗಿಸಿದೆ. ಎಷ್ಟು ಮಾರ್ಕ್ಸ್ ಬಂತು ಅನ್ನೋದು ಇಲ್ಲಿ ಬೇಡ. ಅಷ್ಟೂ ನನ್ನವು.

ಇದಾದ ಮೇಲೆ ಎರಡನೇ ಸ್ಕ್ರಿಪ್ಟ್ ಬರೆದದ್ದು ಕನ್ನಡಕ್ಕಾಗಿ. ನಮ್ಮ ಸಂಘದವರಿಗೆ ಇದು ಗೊತ್ತಿರಬೇಕು. ನಮಗೆ ಬರುವ ಹಲವು ಕನ್ನಡ ನೋಟ್ಸ್, ಸುತ್ತೋಲೆ ಹಳೇ ನುಡಿ, ಬರಹ ಮಾದರಿಯ ಆಸ್ಕಿ ಫಾಂಟುಗಳಲ್ಲಿ ಇರುತ್ತವೆ. ಯುನಿಕೋಡ್ ಬೆಂಬಲ ಇಲ್ಲದ ಕಾಲದಲ್ಲಿ ಕನ್ನಡವನ್ನು ಕಂಪ್ಯೂಟರಿಗೆ ತಂದ ಉಪಾಯ ಅದು, ದೊಡ್ಡ ಕೆಲಸವೇ. ಆದರೆ ಅಲ್ಲಿ ಕಣ್ಣಿಗೆ ಮಾತ್ರ ಕನ್ನಡ. ನುಡಿಯಲ್ಲಿ "ಕ" ಅಂತ ಕಾಣುವ ಜಾಗದಲ್ಲಿ ಒಳಗೆ ಇರೋದು ಇಂಗ್ಲಿಷಿನ ಪಿ ಮತ್ತು ತಲೆ ಮೇಲೆ ಗೀಟು ಇರುವ ಎ. ಸ್ಕ್ರೀನ್ ರೀಡರ್ ಒಳಗಿರುವುದನ್ನು ಓದುತ್ತೆ. ಕವಿತೆಯೊಂದು ನನ್ನ ಕಿವಿಗೆ ಬೈಗುಳದ ಹಾಗೆ ಬೀಳುತ್ತೆ.

ವರ್ಡ್‌ನಲ್ಲಿ ಪ್ರತಿ ಅಕ್ಷರದ ಫಾಂಟ್ ಯಾವುದು ಅಂತ ಎನ್‌ವಿಡಿಎ ಕೇಳಿ ತಿಳಿಯಬಲ್ಲದು. ವರ್ಡ್ ಕಿಟಕಿಗೆ ಒಂದು ಕೀ ಜೋಡಿಸಿದೆ. ಆಯ್ಕೆ ಮಾಡಿದ ಭಾಗದ ಫಾಂಟ್ ಹೆಸರು ನುಡಿ ಅಂತ ಶುರುವಾದರೆ, ಬರಹವನ್ನು ಯುನಿಕೋಡಿಗೆ ಬದಲಿಸಿ ಕನ್ನಡ ಧ್ವನಿಗೆ ಕೊಡುತ್ತೆ. ಮೂಲ ಫೈಲನ್ನು ಮುಟ್ಟಲ್ಲ. ಬದಲಿಸುವುದು ಬರೀ ಒಂದಕ್ಕೊಂದು ಪಟ್ಟಿ ಅಲ್ಲ. "ಕನ್ನಡ" ಅನ್ನೋ ಪದದಲ್ಲಿ ನುಡಿ ಮೊದಲು ಪೂರ್ತಿ "ನ" ಬರೆದು ಆಮೇಲೆ ಒತ್ತು ಇಡುತ್ತೆ, ಕೈಯಲ್ಲಿ ಬರೆಯುವ ಕ್ರಮದಲ್ಲಿ. ಯುನಿಕೋಡಿನಲ್ಲಿ ಉಚ್ಚರಿಸುವ ಕ್ರಮ. "ಸೂರ್ಯ", "ಕಾರ್ಯ"ಗಳ ಅರ್ಕಾವೊತ್ತು ನುಡಿಯಲ್ಲಿ ಅಕ್ಷರ ಆದ ಮೇಲೆ ಬರುತ್ತೆ, ಯುನಿಕೋಡಿನಲ್ಲಿ ಆ "ರ್" ಮೊದಲೇ ಬರಬೇಕು. ಹೀಗೆ ಹಿಂದುಮುಂದು ಮಾಡುವ ನಿಯಮ ಬರೆಯುವಾಗ ಪ್ರೈಮರಿ ಸ್ಕೂಲಿನ ಮೇಷ್ಟ್ರು ಕಾಗುಣಿತ ಹೇಳಿಕೊಟ್ಟದ್ದು ಪ್ರತಿಯೊಂದೂ ಕೆಲಸಕ್ಕೆ ಬಂತು. ಅಂತೂ ಕನ್ನಡದ ನೋಟ್ಸನ್ನು ಯಾರ ಹತ್ತಿರವೂ ಓದಿಸಿಕೊಳ್ಳದೆ ಪರೀಕ್ಷೆಗೆ ಕೂತೆ.

ಆದರೂ ಒಂದು ಮಾತು. ಇದನ್ನೆಲ್ಲ ಕೇಳಿದವರು "ಸೂಪರ್ ಮಗಾ, ಸಾಧನೆ" ಅಂತಾರೆ. ಖುಷಿಯಾಗುತ್ತೆ, ಸುಳ್ಳು ಹೇಳಲ್ಲ. ಆದರೆ ಒಂಬತ್ತು ಬಟನ್ನಿಗೆ ಹೆಸರಿಡಲು ಆ ಸಾಫ್ಟ್‌ವೇರ್ ಬರೆದವರಿಗೆ ಒಂಬತ್ತು ಸಾಲು ಸಾಕಾಗುತ್ತಿತ್ತು. ಅವರು ಬಿಟ್ಟದ್ದಕ್ಕೆ ನನ್ನ ಆರು ವಾರ ಹೋಯಿತು. ಆ ಆರು ವಾರದಲ್ಲಿ ಕ್ಲಾಸಿನ ಉಳಿದವರು 8051 ಕಲಿತರು, ನಾನು ಸಿಮ್ಯುಲೇಟರನ್ನು ಮಾತಾಡಿಸಿ ಆಮೇಲೆ 8051 ಕಲಿತೆ. ಪೈಥಾನ್ ಬರದ, ಕಾಮರ್ಸ್ ಓದುವ, ಬ್ಯಾಂಕ್ ಪರೀಕ್ಷೆಗೆ ಓದುತ್ತಿರುವ ನನ್ನಂಥ ಒಬ್ಬ ಅಂಧ ಹುಡುಗ ಇದೇ ಕಿಟಕಿ ಮುಂದೆ ಕೂತರೆ ಏನು ಮಾಡಬೇಕು? ಸ್ಕ್ರಿಪ್ಟ್ ಅನ್ನೋದು ತೇಪೆ. ಬಟ್ಟೆ ನೇಯುವಾಗಲೇ ಸರಿ ನೇಯ್ದರೆ ತೇಪೆ ಬೇಕಾಗಲ್ಲ.

ನೇಯುವವರು ನೀವೇ. ಮಿನಿ ಪ್ರಾಜೆಕ್ಟಿಗೆ ನಮ್ಮಲ್ಲಿ ಹೆಚ್ಚಿನವರು ಟಿಕಿಂಟರ್ ಹಿಡಿಯುತ್ತಾರೆ. ಟಿಕೆ 8.6ರಲ್ಲಿ ಮಾಡಿದ ಕಿಟಕಿ ಸ್ಕ್ರೀನ್ ರೀಡರಿಗೆ ಬಹುಮಟ್ಟಿಗೆ ಖಾಲಿ ಗೋಡೆ. ಅದರ ಬದಲು ಡಬ್ಲ್ಯುಎಕ್ಸ್ ಪೈಥಾನ್ ಬಳಸಿದರೆ ವಿಂಡೋಸಿನ ಸ್ವಂತ ಬಟನ್ನುಗಳೇ ಬರುತ್ತವೆ, ಹೆಚ್ಚು ಕಷ್ಟಪಡದೆ ಮಾತಾಡುತ್ತವೆ. ಎನ್‌ವಿಡಿಎಯ ಸೆಟ್ಟಿಂಗ್ಸ್ ಕಿಟಕಿಗಳೂ ಅದರಲ್ಲೇ ಮಾಡಿದ್ದು. ಆಂಡ್ರಾಯ್ಡ್ ಆಪ್ ಮಾಡುವವರು ಚಿತ್ರದ ಬಟನ್ನಿಗೆ ಕಂಟೆಂಟ್ ಡಿಸ್ಕ್ರಿಪ್ಷನ್ ಬರೆಯಿರಿ, ವೆಬ್ ಮಾಡುವವರು ಚಿತ್ರಕ್ಕೆ ಆಲ್ಟ್ ಪಠ್ಯ ಕೊಡಿ, ಕ್ಯೂಟಿ ಬಳಸುವವರು ಆಕ್ಸೆಸಿಬಲ್ ನೇಮ್ ಇಡಿ. ಡೆಮೊಗೆ ಮೊದಲು ಒಮ್ಮೆ ಎನ್‌ವಿಡಿಎ ಹಾಕಿಕೊಂಡು, ಮಾನಿಟರ್ ಆಫ್ ಮಾಡಿ, ಟ್ಯಾಬ್ ಕೀ ಒಂದರಲ್ಲೇ ನಿಮ್ಮ ಪ್ರಾಜೆಕ್ಟ್ ಓಡಿಸಿ ನೋಡಿ. ಹತ್ತು ನಿಮಿಷ ಸಾಕು. ಎಲ್ಲೆಲ್ಲಿ ಬರೀ "ಬಟನ್" ಅಂತ ಕೇಳಿಸುತ್ತೋ ಅಲ್ಲೆಲ್ಲ ನಿಮ್ಮ ಕೆಲಸ ಬಾಕಿ ಇದೆ.

ಮುಂದಿನ ಸೆಮಿಸ್ಟರಿಗೆ ಲ್ಯಾಬಿಗೆ ಸಿಮ್ಯುಲೇಟರಿನ ಹೊಸ ಆವೃತ್ತಿ ಬರುತ್ತಂತೆ. ಕಂಟ್ರೋಲ್ ಐಡಿಗಳು ಬದಲಾಗಿದ್ದರೆ ನನ್ನ ಡಿಕ್ಷನರಿ ಪೂರ್ತಿ ತಿದ್ದಬೇಕು. ಫಲಕ ಹೊಸ ದಾರಿಯಲ್ಲಿ ಬರೆಯುತ್ತಿದ್ದರೆ ಬೇರೆ ಉಪಾಯವನ್ನೇ ಹುಡುಕಬೇಕು. ನನ್ನ ಲ್ಯಾಬ್ ಮುಗಿದಿದೆ ನಿಜ, ಆದರೆ ಈ ವರ್ಷ ಫಸ್ಟ್ ಇಯರಿಗೆ ನನ್ನ ಹಾಗೇ ದೃಷ್ಟಿ ಇಲ್ಲದ ಒಬ್ಬ ಹುಡುಗಿ ಸೇರಿದ್ದಾಳೆ, ಇನ್ನೊಂದು ವರ್ಷಕ್ಕೆ ಅವಳು ಅದೇ ಸಿಸ್ಟಮ್ ಮುಂದೆ ಕೂರುತ್ತಾಳೆ. ಅಷ್ಟರಲ್ಲಿ ಇದು ಸಿದ್ಧವಾಗಿರಬೇಕು. ಶನಿವಾರ ಮಧ್ಯಾಹ್ನ ಎರಡರ ಮೇಲೆ ಲ್ಯಾಬಿನಲ್ಲಿ ಇರ್ತೀನಿ. ಚಿತ್ರ ನೋಡಿ "ಇದು ರನ್, ಇದು ಸ್ಟೆಪ್" ಅಂತ ಹೇಳೋಕೆ ಎರಡು ಕಣ್ಣು ಬೇಕು, ಕೋಡ್ ಬರೆಯೋಕೆ ಸ್ವಲ್ಪ ಪೈಥಾನ್ ಬೇಕು. ಎರಡರಲ್ಲಿ ಯಾವುದಿದ್ದರೂ ಬನ್ನಿ. ಚಹಾ ನನ್ನದು.